ಹಿರಿಯೂರಿನಲ್ಲಿ ಇಳಿಯದ ಗಿಟಾರುಗಳು

ತುರ್ತಿನ ಸಂಗತಿಯೊಂದು ಸಣ್ಣ ರಾಕ್ ತಂಡಗಳ ಟೂರ್ ಪೋಸ್ಟರಿನಲ್ಲಿದೆ. ಸ್ವಂತ ಹಾಡು ಕಟ್ಟುವ, ಕಂಪನಿಯ ಹಂಗಿಲ್ಲದ ಬೆಂಗಳೂರಿನ ತಂಡವೊಂದು ಟೂರ್ ಹೊರಟಿತೆಂದರೆ ಸಾಮಾನ್ಯವಾಗಿ ಪೋಸ್ಟರಿನ ಮೇಲೆ ಇರುವ ಊರುಗಳು ಬೆಂಗಳೂರು, ಪುಣೆ, ಮುಂಬೈ, ಬಹಳವಾದರೆ ಗೋವಾ. ಬೆಂಗಳೂರಿನಿಂದ ಪುಣೆಗೆ ಹೋಗುವ ರಸ್ತೆ ಯಾವುದು? ಹಳೆಯ ಎನ್‌ಎಚ್ 4, ಈಗಿನ 48. ಅದು ಹಿರಿಯೂರು, ಚಿತ್ರದುರ್ಗ ದಾಟಿಯೇ ಹೋಗಬೇಕು. ತಂಡದ ಗಾಡಿ ಇಲ್ಲಿ ಇಡ್ಲಿಗೆ ನಿಲ್ಲುತ್ತದೆ, ಡೀಸೆಲ್ಲಿಗೆ ನಿಲ್ಲುತ್ತದೆ, ಹಾಡಿಗೆ ನಿಲ್ಲುವುದಿಲ್ಲ. ಇದರ ಜೊತೆಗೊಂದು ತಮಾಷೆ: ದೇಶದ ಸ್ವತಂತ್ರ ಸಂಗೀತದ ದೊಡ್ಡ ಮೇಳವೆಂದು ಹೆಸರು ಮಾಡಿದ ಎನ್‌ಎಚ್7 ವೀಕೆಂಡರ್ 2010ರಲ್ಲಿ ಶುರುವಾದದ್ದು ಪುಣೆಯಲ್ಲಿ. ವಾರಾಣಸಿಯಿಂದ ಕನ್ಯಾಕುಮಾರಿಗೆ ಹೋಗುತ್ತಿದ್ದ ಹಳೆಯ ಏಳನೇ ನಂಬರಿನ ಹೆದ್ದಾರಿ ಪುಣೆಯನ್ನು ಮುಟ್ಟುತ್ತಲೇ ಇರಲಿಲ್ಲ. ಪುಣೆಯನ್ನು ಮುಟ್ಟುತ್ತಿದ್ದದ್ದು ನಮ್ಮ ದುರ್ಗದ ರಸ್ತೆ. ಹೆದ್ದಾರಿಯ ಹೆಸರು ಹೊತ್ತ ಮೇಳಕ್ಕೆ ಹೆದ್ದಾರಿಯ ಸಣ್ಣ ಊರುಗಳು ಬೇಕಾಗಲಿಲ್ಲ. ಹೆಸರಿನ ಮುಂದೆ ಮದ್ಯದ ಬ್ರಾಂಡೊಂದು ಬೇಕಾಯಿತು.

ದೊಡ್ಡ ವೇದಿಕೆ ಪಂಥ ಎಂದು ನಾನು ಕರೆಯುವವರ ಜೊತೆ ನನ್ನ ಜಗಳ ಹಳೆಯದು. ವರ್ಷಕ್ಕೆ ನಾಲ್ಕು ದೊಡ್ಡ ಮೇಳ, ಎರಡು ಕಾಲೇಜು ಫೆಸ್ಟು, ಉಳಿದ ವಾರಾಂತ್ಯಗಳಿಗೆ ಪಬ್ಬು: ಇಷ್ಟಿದ್ದರೆ ತಂಡ ಬದುಕುತ್ತದೆ, ಸಣ್ಣ ಊರುಗಳ ಉಸಾಬರಿ ಬೇಡ ಎನ್ನುವುದು ಆ ಪಂಥದ ವಾದ. ಬದುಕಬಹುದು, ಸುಳ್ಳಲ್ಲ. ಆದರೆ ಸ್ವತಂತ್ರ ಎಂಬ ವಿಶೇಷಣವನ್ನು ಬಿಟ್ಟುಕೊಟ್ಟು ಬದುಕಬೇಕು. ಪಬ್ಬಿನ ಮಾಲೀಕ ಗಿರಾಕಿಗೆ ಗೊತ್ತಿರುವ ಹಾಡೇ ಬೇಕು ಎಂದರೆ ತಂಡ ಇನ್ಯಾರದೋ ಹಾಡು ಹಾಡುತ್ತದೆ. ಮೇಳದವರು ಕೊಟ್ಟ ಮೂವತ್ತು ನಿಮಿಷದೊಳಗೆ ಎಂಟು ನಿಮಿಷದ ಹಾಡು ಹಿಡಿಸುವುದಿಲ್ಲವೆಂದು ಅದನ್ನು ಕತ್ತರಿಸುತ್ತದೆ. ದುಡ್ಡು ಕೊಡುವ ಬಾಗಿಲು ನಾಲ್ಕೇ ಇರುವಾಗ ಯಾವ ಬಾಗಿಲಿಗೂ ಬೆನ್ನು ತಿರುಗಿಸಲಾಗದು. ಒಲ್ಲೆ ಎನ್ನುವ ತಾಕತ್ತು ಬರುವುದು ನಾಳೆ ಹಾಡಲು ಇನ್ನೊಂದು ಊರು ಇದ್ದಾಗ.

ಒಲ್ಲೆ ಎನ್ನುವ ಮಾತು ಬಂದರೆ ಚಿತ್ರದುರ್ಗದಲ್ಲಿ ತರಾಸು ಅವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1952ರ ‘ಹಂಸಗೀತೆ’ ಸಂಗೀತದ ಬಗ್ಗೆ ಕನ್ನಡದಲ್ಲಿ ಬಂದ ಕಾದಂಬರಿಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು. ಅದನ್ನೇ ಎತ್ತಿಕೊಂಡು 1956ರಲ್ಲಿ ಹಿಂದಿಯವರು ‘ಬಸಂತ್ ಬಹಾರ್’ ಮಾಡಿದರು, 1975ರಲ್ಲಿ ಜಿ.ವಿ. ಅಯ್ಯರ್ ಕನ್ನಡದಲ್ಲೇ ಚಿತ್ರ ಮಾಡಿದರು. ದುರ್ಗದ ಭೈರವಿ ವೆಂಕಟಸುಬ್ಬಯ್ಯ ಟಿಪ್ಪುವಿನ ಮುಂದೆ ಹಾಡಲು ಒಪ್ಪದೆ ನಾಲಿಗೆಯನ್ನೇ ಕತ್ತರಿಸಿಕೊಂಡ ಎನ್ನುವುದು ಕಥೆಯ ತುದಿ. ಶುದ್ಧ ಕಲೆಯ ಪಕ್ಷದವರು ಇದನ್ನು ಹಿಡಿದುಕೊಂಡು, ನಿಜವಾದ ಸಂಗೀತಗಾರ ಜನರನ್ನು ಹುಡುಕಿಕೊಂಡು ಅಲೆಯುವುದಿಲ್ಲ, ದೇವರ ಮುಂದೆ ಕೂತು ಹಾಡುತ್ತಾನೆ ಎಂದು ಪಾಠ ಹೇಳುವುದುಂಟು. ಕಾದಂಬರಿ ಅಷ್ಟು ಸರಳವಲ್ಲ. 1779ರಲ್ಲಿ ಹೈದರಾಲಿಗೆ ಕೋಟೆ ಹೋಯಿತು, ನಾಯಕರ ಆಳ್ವಿಕೆ ಮುಗಿಯಿತು, ಆಸರೆಯಾಗಿದ್ದ ಮನೆ ಬಿತ್ತು. ಅರಮನೆಯೇ ದೊಡ್ಡ ಪೋಷಕನಾಗಿದ್ದ ಕಾಲದಲ್ಲಿ ಪೋಷಕ ಬದಲಾದರೆ ಹಾಡುವವನ ಕೈಯಲ್ಲಿ ಉಳಿಯುವುದೇನು? ವೆಂಕಟಸುಬ್ಬಯ್ಯ ತೆತ್ತದ್ದು ಕಲೆಯ ಬೆಲೆ ಎನ್ನುತ್ತಾರೆ. ಕೇಳುವವನು ಒಬ್ಬನೇ ಆದಾಗ ನಿರಾಕರಣೆಗೆ ಬೀಳುವ ಬೆಲೆ ಅದು ಎಂದು ನಾನು ಓದಿಕೊಳ್ಳುತ್ತೇನೆ. ಅಂಥ ಬೆಲೆ ತೆರಬಲ್ಲವರು ಶತಮಾನಕ್ಕೊಬ್ಬರು. ನಾಲ್ಕು ಹುಡುಗರ ರಾಕ್ ತಂಡದಿಂದ ಅದನ್ನು ಕೇಳುವುದು ಕ್ರೌರ್ಯ.

ಒಬ್ಬ ದೊರೆಯ ಜಾಗದಲ್ಲಿ ನೂರು ಊರುಗಳನ್ನು ಕೂರಿಸಿದ್ದು ನಮ್ಮ ಕಂಪನಿ ನಾಟಕ. ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿತು. ದಾವಣಗೆರೆಯಿಂದ ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿ ನಾಡೆಲ್ಲ ಸುತ್ತಿತು. ಆದರೆ ಕಂಪನಿಯ ಕ್ಯಾಂಪು ತಗಡಿನ ಥಿಯೇಟರ್ ಹಾಕಿ ತಿಂಗಳುಗಟ್ಟಲೆ ಒಂದೇ ಊರಲ್ಲಿ ಕೂರುವಂಥದ್ದು, ರಾಕ್ ತಂಡಕ್ಕೆ ಹೊಂದುವ ಮಾದರಿಯಲ್ಲ. ಹೊಂದುವ ಮಾದರಿ ಹೊಸದುರ್ಗ ತಾಲ್ಲೂಕಿನಲ್ಲೇ ಇದೆ. ಸಾಣೇಹಳ್ಳಿಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1997ರಲ್ಲಿ ಆರಂಭಿಸಿದ ಶಿವಸಂಚಾರ ಪ್ರತಿ ವರ್ಷ ಮೂರು ನಾಟಕ ಸಿದ್ಧಮಾಡುತ್ತದೆ, ನವೆಂಬರಿನ ನಾಟಕೋತ್ಸವದಲ್ಲಿ ಅವನ್ನು ಆಡಿ ತೋರಿಸುತ್ತದೆ, ಆಮೇಲೆ ನಾಡು ಸುತ್ತಲು ಹೊರಡುತ್ತದೆ. ಅದಕ್ಕೂ ಮುಂಚೆ 1985ರಲ್ಲಿ ಹೆಗ್ಗೋಡಿನ ನೀನಾಸಂ ತನ್ನ ತಿರುಗಾಟ ಶುರುಮಾಡಿತ್ತು. ಎರಡರ ಗುಟ್ಟೂ ಒಂದೇ. ರಂಗಪರಿಕರ, ದೀಪ, ಬಟ್ಟೆ ಎಲ್ಲ ತಂಡದ ಗಾಡಿಯಲ್ಲೇ ಬರುತ್ತವೆ. ಊರಿನವರು ಜಾಗ, ಊಟ, ವಸತಿ, ಒಂದು ಒಪ್ಪಿತ ಮೊತ್ತ ಹೊಂದಿಸುತ್ತಾರೆ. ಸಂಘಟಕ ಅಂದರೆ ಈವೆಂಟ್ ಕಂಪನಿಯಲ್ಲ: ಕಾಲೇಜಿನ ಕನ್ನಡ ಮೇಷ್ಟ್ರು, ಔಷಧಿ ಅಂಗಡಿಯವರು, ಯುವಕ ಸಂಘದವರು. ಈ ವರ್ಷ ಕರೆದವರೇ ಮುಂದಿನ ವರ್ಷವೂ ಕರೆಯುತ್ತಾರೆ. ನಾಟಕ ಯಾವುದು ಎಂದು ಕೇಳದೆಯೇ ತಾರೀಕು ಹಿಡಿದಿಡುವ ಊರುಗಳು ಹುಟ್ಟುವುದು ಹೀಗೆ, ಪ್ರಯೋಗ ಮಾಡುವ ಸ್ವಾತಂತ್ರ್ಯವೂ ಅಲ್ಲಿಂದಲೇ ಬರುತ್ತದೆ.

ಲೆಕ್ಕವನ್ನೂ ನೋಡಿಬಿಡೋಣ, ಏಕೆಂದರೆ ರಾಕ್ ತಂಡಗಳು ಒಡೆಯುವುದು ಶ್ರುತಿಯ ವಿಷಯಕ್ಕಿಂತ ಹೆಚ್ಚಾಗಿ ಗಾಡಿ ಬಾಡಿಗೆಯ ವಿಷಯಕ್ಕೆ. ಬೆಂಗಳೂರಿನ ತಂಡ ಹಿರಿಯೂರು, ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗಕ್ಕೆ ವಾರಾಂತ್ಯಕ್ಕೊಂದರಂತೆ ಬಂದು ಹೋದರೆ ಓಡಾಟ 1,500 ಕಿ.ಮೀ. ದಾಟುತ್ತದೆ. ಇದೇ ನಾಲ್ಕು ಊರನ್ನು ಒಂದೇ ಸುತ್ತಿನಲ್ಲಿ ಮುಗಿಸಿದರೆ ಹೆಚ್ಚುಕಡಿಮೆ 450ರಿಂದ 500. ಹಿರಿಯೂರಿನಿಂದ ದುರ್ಗಕ್ಕೆ 40 ಕಿ.ಮೀ., ಅಲ್ಲಿಂದ ಹೊಳಲ್ಕೆರೆ ಅದಕ್ಕಿಂತ ಹತ್ತಿರ. ಇಲ್ಲೊಂದು ಕೊಕ್ಕೆ ಇದೆ, ಅದನ್ನು ಮುಚ್ಚಿಡಬಾರದು. ಬಾಡಿಗೆ ಟೆಂಪೋ ಟ್ರಾವೆಲರಿನವರು ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಎಂದು ಹಿಡಿಯುತ್ತಾರೆ, ಮೇಲೆ ಡ್ರೈವರ್ ಬಾಟಾ. ದಿನಕ್ಕೆ 35 ಕಿ.ಮೀ. ಓಡಿಸಿ 250ರ ದುಡ್ಡು ಕೊಡುವುದಾದರೆ ಹತ್ತಿರದ ಊರಿನ ಲಾಭವೆಲ್ಲ ಅಲ್ಲೇ ಕರಗಿತು. ಹಾಗಾಗಿ ಈ ಸುತ್ತು ಹಳೆಯದಾದರೂ ಸ್ವಂತ ಗಾಡಿ ಇದ್ದವರಿಗೆ ಲಾಭ. ಇಲ್ಲದವರು ದುರ್ಗದಲ್ಲಿ ಬಿಡಾರ ಮಾಡಿ, ಅಲ್ಲಿಂದ ಲಗೇಜಿಗೆ ಮಾತ್ರ ಒಂದು ಟಾಟಾ ಏಸ್ ಹಿಡಿದು, ತಾವು ಬಸ್ಸು ಹತ್ತುವುದು ಲೇಸು. ಡ್ರಮ್ ಸೆಟ್ಟು ಟಾಪಿನ ಮೇಲೆ ಹೋಗುವ ವಸ್ತುವಲ್ಲ.

ಈಗ ಆಕ್ಷೇಪಣೆಗಳು. ಶಿವಸಂಚಾರದ ಬೆನ್ನಿಗೆ ಮಠವಿದೆ, ರಾಕ್ ತಂಡದ ಬೆನ್ನಿಗೆ ಯಾರಿದ್ದಾರೆ ಎನ್ನುವುದು ಮೊದಲನೆಯದು, ಗಟ್ಟಿಯಾದದ್ದು ಕೂಡ. ಕಲಾವಿದರಿಗೆ ತಿಂಗಳ ಸಂಬಳ, ತಾಲೀಮಿಗೆ ಜಾಗ, ಎರಡು ಹೊತ್ತಿನ ಊಟ ಇರುವ ಸಂಸ್ಥೆಯನ್ನೂ, ಹಗಲು ಸಾಫ್ಟ್‌ವೇರ್ ಕೆಲಸ ಮಾಡಿ ರಾತ್ರಿ ತಾಲೀಮು ಮಾಡುವ ನಾಲ್ವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಹೆಗ್ಗೋಡಿನಲ್ಲಿ ಮಠವಿರಲಿಲ್ಲ, ಒಂದು ಹಳ್ಳಿಯ ಸಂಘ ಮಾತ್ರ ಇತ್ತು. ತಂಡಗಳು ಎರವಲು ಪಡೆಯಬೇಕಾದದ್ದು ಮಠವನ್ನಲ್ಲ, ಊರೂರಿನ ಸಂಘಟಕರ ಆ ಸರಪಳಿಯನ್ನು. ಆ ಸರಪಳಿ ಒಂದು ತಂಡದ ಸ್ವತ್ತಾಗಬೇಕಿಲ್ಲ. ಆರೇಳು ತಂಡಗಳು ಸೇರಿ ಒಂದೇ ದಾರಿಯನ್ನು ತಿಂಗಳಿಗೊಬ್ಬರಂತೆ ಹಂಚಿಕೊಂಡರೆ ಊರಿನವರಿಗೂ ಅಭ್ಯಾಸವಾಗುತ್ತದೆ. ಎರಡನೆಯ ಆಕ್ಷೇಪಣೆ, ಬಯಲುಸೀಮೆಗೆ ರಾಕ್ ಒಗ್ಗದು ಎಂಬುದು, ಅಷ್ಟೇನೂ ಗಟ್ಟಿಯಲ್ಲ. ಗಣಪತಿ ಪೆಂಡಾಲಿನ ರಸಮಂಜರಿಯಲ್ಲಿ ಎಲೆಕ್ಟ್ರಿಕ್ ಗಿಟಾರು, ಕೀಬೋರ್ಡು, ರಿದಂ ಪ್ಯಾಡು ಎಷ್ಟೋ ವರ್ಷಗಳಿಂದ ಮೊಳಗಿವೆ. ಕಿವಿಗೆ ವಾದ್ಯ ಹೊಸತಲ್ಲ, ಹೊಸತು ಹಾಡು. ಸಿನಿಮಾದಲ್ಲಿ ಬಾರದ ಹಾಡನ್ನು ಕೂತು ಕೇಳಿಸುವುದು ಹೇಗೆ ಎನ್ನುವುದೇ ನಿಜವಾದ ಪ್ರಶ್ನೆ.

ಅದಕ್ಕೆ ಸಿದ್ಧ ಉತ್ತರವಾಗಿ ಚಾಲ್ತಿಗೆ ಬಂದಿರುವುದು ಶರೀಫರು. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ಪದಗಳಿಗೆ ಗಿಟಾರು ಹಚ್ಚಿದಾಗ ಅದರಲ್ಲಿ ಹುರುಪಿತ್ತು, ಕಾರಣವೂ ಇತ್ತು: ಸಿ. ಅಶ್ವತ್ಥ್ ಆಗಲೇ ಆ ಪದಗಳನ್ನು ಮನೆಮನೆಗೆ ಮುಟ್ಟಿಸಿದ್ದರು, ಜನ ಅರ್ಧ ದಾರಿ ನಡೆದು ಬಂದಿದ್ದರು. ಆಮೇಲೆ ಬಂದವರಿಗೆ ಅದು ಪರವಾನಗಿ ಆಗಿಬಿಟ್ಟಿತು. ಒಂದು ತತ್ವಪದ, ಅದರ ಕೆಳಗೆ ಎರಡು ಕಾರ್ಡು, ನಡುವೆ ಒಂದು ಉದ್ದನೆಯ ಸೋಲೋ; ಕನ್ನಡ ರಾಕ್ ಸಿದ್ಧ. ಊರಿನವರನ್ನು ಒಲಿಸಿಕೊಳ್ಳಲು ಇದು ಬೇಕು ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಊರಿನವರು ಶರೀಫರನ್ನು ನಿಮಗಿಂತ ಚೆನ್ನಾಗಿ ಹಾಡಬಲ್ಲ ಭಜನಾ ಮಂಡಳಿ ಇಟ್ಟುಕೊಂಡಿದ್ದಾರೆ. ಅವರಿಗಿಲ್ಲದ್ದು ನಿಮ್ಮ ಹಾಡು. ಸ್ವರಾತ್ಮ ತಂಡ ಕನ್ನಡದಲ್ಲೂ ಹಿಂದಿಯಲ್ಲೂ ಸ್ವಂತ ಸಾಹಿತ್ಯ ಕಟ್ಟಿ, ಮುಖಕ್ಕೆ ಬಣ್ಣ ಹಚ್ಚಿ, ವೇಷ ತೊಟ್ಟು ವೇದಿಕೆಗೆ ಬಂದದ್ದು ಈ ದೃಷ್ಟಿಯಿಂದ ಹೆಚ್ಚು ಜಾಣತನ. ಬಯಲಾಟ ನೋಡಿದ ಕಣ್ಣಿಗೆ ಅದರ ಗುರುತು ತಾನಾಗಿಯೇ ಸಿಗುತ್ತದೆ.

ಮೂರನೆಯ ಆಕ್ಷೇಪಣೆ ಸೌಂಡಿನದ್ದು, ಇದಕ್ಕೆ ಅನುಭವಸ್ಥರೆಲ್ಲ ತಲೆದೂಗುತ್ತಾರೆ. ಹೊಳಲ್ಕೆರೆಯಂಥ ಊರಿನ ಶಾಲಾ ಮೈದಾನದ ವೇದಿಕೆಗೆ ಕರೆಂಟು ಬರುವುದು ಸಾಮಾನ್ಯವಾಗಿ ಒಂದೇ ವೈರಿನಿಂದ; ಅದರಲ್ಲೇ ಸೀರಿಯಲ್ ಲೈಟು, ಫ್ಯಾನು, ಆಂಪ್ಲಿಫೈಯರು. ಅರ್ಥಿಂಗ್ ಸರಿಯಿಲ್ಲದಿದ್ದರೆ ಗಿಟಾರು ಚುಚ್ಚಿದ ಕೂಡಲೇ ಸ್ಪೀಕರಿನಲ್ಲಿ 50 ಹರ್ಟ್ಸಿನ ಗುಂಯ್ ಶುರು. ಸಿಂಗಲ್ ಕಾಯಿಲ್ ಪಿಕಪ್ಪಿನ ಗಿಟಾರಾದರಂತೂ ಅರ್ಥಿಂಗ್ ಸರಿಯಿದ್ದರೂ ಬಿಡದು, ಪಕ್ಕದ ಸೀರಿಯಲ್ ಲೈಟಿನ ಗಲಾಟೆಯನ್ನೂ ಹೀರಿಕೊಳ್ಳುತ್ತದೆ. ತಂತಿ ಮುಟ್ಟಿದರೆ ಗುಂಯ್ ಕಡಿಮೆಯಾಯಿತೆಂದು ವಾದಕ ಸಮಾಧಾನಪಡುತ್ತಾನೆ. ಆದರೆ ಅದೇ ಕೈ ತಂತಿಯ ಮೇಲಿದ್ದು, ತುಟಿ ಮೈಕಿಗೆ ತಾಗಿ ಶಾಕ್ ಹೊಡೆದರೆ ಹಾಡುವವನ ಪಾಡು ಹೇಳತೀರದು. ಇದಕ್ಕೆ ಮದ್ದು ಊರು ಬಿಟ್ಟು ಓಡುವುದಲ್ಲ. ಗಾಡಿಯಲ್ಲಿ ಒಂದು ಟೆಸ್ಟರು, ಒಂದು ಸ್ಟೆಬಿಲೈಸರು, ಹಂಬಕರ್ ಪಿಕಪ್ಪಿನ ಗಿಟಾರೊಂದು. ಎಲ್ಲಕ್ಕಿಂತ ಮುಖ್ಯವಾಗಿ, ವಾದ್ಯಕ್ಕೂ ಲೈಟಿಗೂ ಬೇರೆ ಬೇರೆ ಲೈನ್ ಕೊಡಿ ಎಂದು ಮಧ್ಯಾಹ್ನವೇ ಊರಿನ ಎಲೆಕ್ಟ್ರಿಷಿಯನ್ ಜೊತೆ ಕೂತು ಒಂದು ಟೀ ಕುಡಿಯುವ ವ್ಯವಧಾನ. ದುರ್ಗದಲ್ಲಿ ತರಾಸು ರಂಗಮಂದಿರವಿದೆ, ಸಾಣೇಹಳ್ಳಿಯಲ್ಲಿ ಬಯಲು ರಂಗಮಂದಿರವಿದೆ. ಕೂತು ಕೇಳುವುದಕ್ಕೆಂದೇ ಕಟ್ಟಿದ ಜಾಗಗಳು ಈ ಜಿಲ್ಲೆಗೆ ಹೊಸವಲ್ಲ. ಗಣೇಶ ಮೆರವಣಿಗೆಯ ಡಿಜೆಗೆ ಹೋಲಿಸಿದರೆ ರಾಕ್ ತಂಡದ ಸದ್ದು ಸಂಭಾವಿತರದ್ದು.

ಅಮೆರಿಕದಲ್ಲಿ 1980ರ ದಶಕದ ಸಣ್ಣ ತಂಡಗಳು ಸಣ್ಣ ಊರುಗಳನ್ನು ಸುತ್ತುವ ಈ ಕೆಲಸವನ್ನೇ ಮಾಡಿದವು. ಕ್ಯಾಲಿಫೋರ್ನಿಯಾದ ಬಂದರೂರು ಸ್ಯಾನ್ ಪೆಡ್ರೊದ ಮಿನಿಟ್‌ಮೆನ್ ಎಂಬ ಮೂವರ ತಂಡ ತಮ್ಮ ಸಾಮಾನನ್ನು ತಾವೇ ಹೊತ್ತು, ವ್ಯಾನನ್ನು ತಾವೇ ಓಡಿಸಿ, ದೊಡ್ಡ ಕಂಪನಿಗಳು ತಿರುಗಿ ನೋಡದ ಊರುಗಳಲ್ಲಿ ಬಾರಿಸಿತು. ಅವರ ಲೆಕ್ಕದಲ್ಲಿ ಕಛೇರಿಯೇ ಕೆಲಸ, ಆಲ್ಬಮ್ಮು ಅದರ ಕರಪತ್ರ. 1984ರ ಅವರ ಜೋಡಿ ಆಲ್ಬಮ್ಮಿನ ರಕ್ಷಾಪುಟದಲ್ಲಿ ಬೇಸ್ ವಾದಕ ಮೈಕ್ ವಾಟ್ ಆಗಿನ ಕಾನೂನಿನ ಮಿತಿಯಾದ ಗಂಟೆಗೆ 55 ಮೈಲಿಯಲ್ಲಿ ಗಾಡಿ ಓಡಿಸುತ್ತಿರುವ ಚಿತ್ರವಿದೆ. ಮುಂದಿನ ವರ್ಷ ಡಿಸೆಂಬರಿನಲ್ಲಿ ಗಿಟಾರು ವಾದಕ ಡಿ. ಬೂನ್ ವ್ಯಾನ್ ಅಪಘಾತದಲ್ಲಿ ತೀರಿಕೊಂಡ, ತಂಡ ಅಲ್ಲಿಗೆ ನಿಂತಿತು. ಅಲೆಮಾರಿ ಬದುಕನ್ನು ರಮ್ಯವಾಗಿ ಹೊಗಳುವವರು ಇದನ್ನು ಮರೆಯಬಾರದು. ಬೆಂಗಳೂರಿನಲ್ಲಿ ರಾತ್ರಿ ಹನ್ನೊಂದಕ್ಕೆ ಕಾರ್ಯಕ್ರಮ ಮುಗಿಸಿ, ಮರುದಿನ ಸಂಜೆಯೊಳಗೆ ಪುಣೆ ಮುಟ್ಟಬೇಕೆಂದು ಹೊರಡುವ ದೊಡ್ಡ ವೇದಿಕೆ ಪಂಥದ ಟೂರಿಗಿಂತ ದಿನಕ್ಕೆ ನಲವತ್ತು ಕಿಲೋಮೀಟರಿನ ಟೂರು ಒಳ್ಳೆಯದು ಎನ್ನಲು ನನಗೆ ಇರುವ ಅತಿ ದೊಡ್ಡ ಕಾರಣ ದುಡ್ಡಿನದ್ದಲ್ಲ, ನಿದ್ದೆಯದ್ದು.

ಯಾವಾಗ ಬರಬೇಕು ಎನ್ನುವುದಕ್ಕೆ ರೈತರ ಕ್ಯಾಲೆಂಡರೇ ದಾರಿ. ಮಳೆ ನಿಂತು ಶೇಂಗಾ, ಈರುಳ್ಳಿ ಮನೆಗೆ ಬಂದ ಮೇಲೆ, ಅಂದರೆ ನವೆಂಬರಿನಿಂದ ಶಿವರಾತ್ರಿವರೆಗೆ. ನವೆಂಬರ್ ಪೂರ್ತಿ ರಾಜ್ಯೋತ್ಸವ ಇದ್ದೇ ಇರುವುದರಿಂದ ಪೆಂಡಾಲಿಗೆ ಬರವಿಲ್ಲ, ಭಾಷಣಕ್ಕೂ ಬರವಿಲ್ಲ. ಆರಕ್ಕೆ ಎಂದ ಕಾರ್ಯಕ್ರಮ ಏಳಕ್ಕೆ ಶುರುವಾಗಿ, ಉದ್ಘಾಟನೆ, ಪ್ರಾಸ್ತಾವಿಕ, ಸನ್ಮಾನ ಮುಗಿಯುವಷ್ಟರಲ್ಲಿ ಒಂಬತ್ತಾಗಿ, ಮೊದಲ ಹಾಡಿನ ಹೊತ್ತಿಗೆ ಹಳ್ಳಿಯಿಂದ ಬಂದ ಹುಡುಗರು ಕೊನೆಯ ಬಸ್ಸಿಗೆ ಎದ್ದಿರುತ್ತಾರೆ. ಆದ್ದರಿಂದ ತಂಡದವರು ಊರಿನ ಸಂಘಟಕರ ಜೊತೆ ಸಂಭಾವನೆ ಮಾತಾಡುವ ಮೊದಲೇ ಕೊನೆಯ ಬಸ್ಸಿನ ವೇಳೆ ಕೇಳಿಕೊಂಡು, ಹಾಡು ಮೊದಲು, ಸನ್ಮಾನ ಆಮೇಲೆ ಎಂದು ಬರೆಸಿಕೊಳ್ಳಲಿ. ಶಾಲು ಹೊದಿಸಿಕೊಳ್ಳಬೇಕಾದವರು ಹೇಗೂ ಸ್ವಂತ ಕಾರಿನಲ್ಲಿ ಬಂದಿರುತ್ತಾರೆ.