ಶಾಸನಗಳ ಲಕ್ಷಣನಿರ್ದೇಶವೂ ಪರದೆಯ ರೂಪವೂ

ಗಣಕಯಂತ್ರದ ಅಪ್ಲಿಕೇಶನ್ನುಗಳಲ್ಲಿ ಪ್ರತಿಯೊಂದು ಪರದೆಯನ್ನೂ ಪ್ರತ್ಯೇಕವಾಗಿ ರಚಿಸದೆ, ದತ್ತಾಂಶದ ಲಕ್ಷಣವನ್ನು ಹೇಳುವ ಮೆಟಾಡೇಟಾದಿಂದಲೇ ಅದನ್ನು ಉತ್ಪಾದಿಸುವ ಕ್ರಮವೊಂದುಂಟು. 'ಇದು ತೇದಿ, ಇದು ಸ್ಥಳ, ಇದು ಅವಶ್ಯಕ' ಎಂದು ಒಮ್ಮೆ ನಿರ್ದೇಶಿಸಿದರೆ ಸಾಕು; ತುಂಬತಕ್ಕ ನಮೂನೆಯನ್ನೂ ಹುಡುಕತಕ್ಕ ಪಟ್ಟಿಯನ್ನೂ ಯಂತ್ರವೇ ಕಟ್ಟಿಕೊಡುವುದು.

ವೈಯಾಕರಣರಿಗೆ ಈ ಮಾರ್ಗವು ಅಪೂರ್ವವಲ್ಲ. ಪಾಣಿನೀಯದಲ್ಲಿ 'ಕ್ತ' ಪ್ರತ್ಯಯದ ಕಕಾರವು ಇತ್ಸಂಜ್ಞೆಯನ್ನು ಪಡೆದು ಲೋಪವಾಗುವುದಾದರೂ ಗುಣವನ್ನು ನಿಷೇಧಿಸಿ 'ಕೃತ' ಎಂಬ ರೂಪವನ್ನು ಕೊಡುತ್ತದೆ. ಆ ಕಕಾರವಿಲ್ಲದ 'ತವ್ಯ'ವು ಪರವಾದಲ್ಲಿ ಗುಣವು ಬಂದು 'ಕರ್ತವ್ಯ'ವಾಗುತ್ತದೆ. ಕಾಣದ ಗುರುತೇ ಕಾಣುವ ರೂಪವನ್ನು ಆಳುವುದರಿಂದ, ಗುರುತು ತಪ್ಪಿದರೆ ರೂಪವೂ ತಪ್ಪುವುದು.

ಈ ಮಾತನ್ನು ಹರಿಹರದ ಶಾಸನಗಳಲ್ಲಿ ಪರೀಕ್ಷಿಸಬಹುದು. ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ, 1224ರಲ್ಲಿ, ಪೋಲಾಳ್ವ ದಂಡನಾಥನು ಅಲ್ಲಿಯ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. ಬಿ. ಎಲ್. ರೈಸ್‌ರವರ ಎಪಿಗ್ರಾಫಿಯಾ ಕರ್ನಾಟಿಕಾ ಗ್ರಂಥದ 11ನೆಯ ಸಂಪುಟದಲ್ಲಿ ಹರಿಹರದ ಶಾಸನಗಳು ಚಿತ್ರದುರ್ಗ ಜಿಲ್ಲೆಯ ದಾವಣಗೆರೆ ತಾಲ್ಲೂಕಿಗೆ ಸೇರಿವೆ. ಹೊನ್ನಾಳಿ ಮತ್ತು ಚನ್ನಗಿರಿಗಳ ಶಾಸನಗಳಾದರೋ ಶಿವಮೊಗ್ಗೆಯ 7ನೆಯ ಸಂಪುಟದಲ್ಲಿವೆ. 1997ರಲ್ಲಿ ದಾವಣಗೆರೆ ಜಿಲ್ಲೆಯು ಏರ್ಪಟ್ಟಾಗ ಈ ಸ್ಥಳಗಳೆಲ್ಲವೂ ಒಂದೇ ಜಿಲ್ಲೆಗೆ ಸೇರಿದವು. 'ಜಿಲ್ಲೆ' ಎಂಬ ಒಂದೇ ಲಕ್ಷಣಕ್ಕೆ ಸಂಪುಟದ ಹೆಸರನ್ನಿತ್ತರೆ, ದಾವಣಗೆರೆಯೆಂದು ಹುಡುಕುವ ವಿದ್ಯಾರ್ಥಿಗೆ ಪರದೆಯು ಬರಿದಾಗಿ ತೋರುವುದು.

ಹೊಸ ಹೆಸರನ್ನಿಟ್ಟರೆ ಸಾಲದೇ ಎಂದರೆ, ಸಾಲದು. 1997ರಲ್ಲಿ ದಾವಣಗೆರೆಗೆ ಸೇರಿದ ಹರಪನಹಳ್ಳಿಯು 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಮೇಲಾಗಿ ಹಳೆಯ ಹೆಸರನ್ನು ಅಳಿಸಿದರೆ ಪೂರ್ವಗ್ರಂಥಗಳ ಉಲ್ಲೇಖವನ್ನು ಹಿಡಿದು ಬಂದವರಿಗೆ ದಾರಿಯಿಲ್ಲವಾಗುವುದು. ಆದುದರಿಂದ ಊರನ್ನು ಸ್ಥಿರವಾಗಿಟ್ಟು, ಜಿಲ್ಲೆಗಳನ್ನು ಅವುಗಳ ವರ್ಷಗಳೊಡನೆ ಅದಕ್ಕೆ ಜೋಡಿಸುವುದೇ ಯುಕ್ತವು.

ಇದಕ್ಕಿಂತ ಸೂಕ್ಷ್ಮವಾದ ದೋಷವೊಂದುಂಟು. 'ದೇವತೆ' ಎಂಬ ಲಕ್ಷಣಕ್ಕೆ 'ಶೈವ, ವೈಷ್ಣವ. ಇವುಗಳಲ್ಲೊಂದು' ಎಂದು ವಿಧಿಸಿದರೆ, ಯಂತ್ರವು ಒಂದನ್ನೇ ಆರಿಸಬಹುದಾದ ನಮೂನೆಯನ್ನು ಕಟ್ಟುವುದು. ಬಲಭಾಗದಲ್ಲಿ ಹರನೂ ಎಡಭಾಗದಲ್ಲಿ ಹರಿಯೂ ಆದ ಮೂರ್ತಿಯ ಶಾಸನವನ್ನು ಅಲ್ಲಿ ಸೇರಿಸುವವನು ಸುಳ್ಳನ್ನೇ ಬರೆಯಬೇಕಾಗುತ್ತದೆ. ದೋಷವು ಅವನದಲ್ಲ, ಯಂತ್ರದ್ದೂ ಅಲ್ಲ, ಲಕ್ಷಣವನ್ನು ವಿಧಿಸಿದವರದು.

ಈ ಕ್ರಮದ ಗುಣವು ಅಲ್ಪವಲ್ಲ. ಒಂದೇ ದತ್ತಾಂಶದಿಂದ ಲಿಪಿಜ್ಞನಿಗೆ ಅಕ್ಷರಗಳ ಪರದೆಯನ್ನೂ, ಸಾಹಿತ್ಯದ ಅಧ್ಯಾಪಕನಿಗೆ ಪದ್ಯಗಳ ಪರದೆಯನ್ನೂ ಬೇರೆಬೇರೆಯಾಗಿ ಒದಗಿಸಬಹುದು. ಆದರೆ ಕೈಯಿಂದ ರಚಿಸಿದ ಪರದೆಯಲ್ಲಿಯ ತಪ್ಪು ಆ ಪರದೆಗೇ ನಿಲ್ಲುವುದು. ಲಕ್ಷಣದಲ್ಲಿಯ ತಪ್ಪು ಅದರಿಂದ ಹುಟ್ಟಿದ ಎಲ್ಲ ಪರದೆಗಳಿಗೂ ವ್ಯಾಪಿಸುವುದು. ಅವ್ಯಾಪ್ತಿ, ಅತಿವ್ಯಾಪ್ತಿಗಳಿಲ್ಲದ ಲಕ್ಷಣವನ್ನು ಹೇಳುವುದು ಶಾಸ್ತ್ರಜ್ಞರ ಕೆಲಸ. ಅದನ್ನು ಯಂತ್ರಕೋವಿದರಿಗೆ ಮಾತ್ರ ಬಿಟ್ಟುಕೊಟ್ಟು, ಬಳಿಕ ಪರದೆಯನ್ನು ದೂರುವುದು ವಿದ್ವಾಂಸರಿಗೆ ತಕ್ಕುದಲ್ಲ.