‘ಪುನಸ್ಸಂಯೋಜಿತ ಮೂಷಕ ಪ್ರೋಟಿಯೇಸ್’: ಒಂದು ಶಾಸ್ತ್ರೀಯ ಸಮಾಸದ ವಿಮರ್ಶೆ

ಶಾಸ್ತ್ರವಿಷಯಕವಾದ ಗದ್ಯವನ್ನು ಸಾಹಿತ್ಯವಿಮರ್ಶಕರು ತಮ್ಮ ಎಲ್ಲೆಗೆ ಹೊರಗಿನದೆಂದು ಭಾವಿಸುವುದು ವಾಡಿಕೆಯಾಗಿದೆ. ಈ ಭಾವನೆ ಸಾಧುವಲ್ಲ. ಕನ್ನಡದಲ್ಲಿ ಶಾಸ್ತ್ರವನ್ನು ಹೇಳಬಹುದೆಂಬುದನ್ನು 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರ ‘ವಿಜ್ಞಾನ’ ಮಾಸಪತ್ರಿಕೆ ತೋರಿಸಿಕೊಟ್ಟಿತು. ಹೇಳಬಹುದೆ ಎಂಬ ಪ್ರಶ್ನೆ ಅಂದಿಗೇ ತೀರಿತು. ಹೇಳಿದ್ದು ತಿಳಿಯುತ್ತದೆಯೆ ಎಂಬ ಪ್ರಶ್ನೆ ಉಳಿದಿದೆ. ಅದನ್ನು ಪರೀಕ್ಷಿಸುವುದಕ್ಕೆ ಜೀವರಸಾಯನಶಾಸ್ತ್ರದ ಒಂದು ಮಾತನ್ನು ತೆಗೆದುಕೊಳ್ಳಬಹುದು. ಪ್ರಯೋಗಶಾಲೆಗಳಿಗೆ ಚಿಕ್ಕ ಸೀಸೆಗಳಲ್ಲಿ ಬರುವ ಒಂದು ವಸ್ತುವಿನ ಇಂಗ್ಲಿಷ್ ಹೆಸರನ್ನು ಪದಕ್ಕೆ ಪದವಿಟ್ಟು ಕನ್ನಡಿಸಿದರೆ ‘ಪುನಸ್ಸಂಯೋಜಿತ ಮೂಷಕ ಪ್ರೋಟಿಯೇಸ್’ ಎಂದಾಗುತ್ತದೆ. ನೋಡುವುದಕ್ಕೆ ಗಂಭೀರವಾದ ಸಮಾಸ. ಆದರೆ ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನಂಥ ಊರಿನ ಪಾಠಶಾಲೆಯಲ್ಲಿ ಇದರ ವಿಗ್ರಹವಾಕ್ಯವನ್ನು ಕೇಳಿದರೆ, ವ್ಯಾಕರಣವನ್ನು ಚೆನ್ನಾಗಿ ಓದಿದ ವಿದ್ಯಾರ್ಥಿಯೇ ಮೊದಲು ತಪ್ಪುತ್ತಾನೆ.

ಆತನ ಉತ್ತರ ‘ಇಲಿಯಿಂದ ತೆಗೆದು ಮತ್ತೆ ಜೋಡಿಸಲ್ಪಟ್ಟ ಪ್ರೋಟಿಯೇಸ್’ ಎಂದಿರುತ್ತದೆ. ವ್ಯಾಕರಣರೀತ್ಯಾ ಇದರಲ್ಲಿ ದೋಷವಿಲ್ಲ. ವಸ್ತುಸ್ಥಿತಿಗೆ ಎರಡು ಅಂಗಗಳೂ ವಿರುದ್ಧ. ಹೊಸದಾಗಿ ಜೋಡಣೆಗೊಂಡದ್ದು ಪ್ರೋಟೀನಲ್ಲ, ಅದರ ರಚನೆಯನ್ನು ವಿಧಿಸುವ ಡಿಎನ್‌ಎ. ಇಲಿಯ ಜೀನಿನ ಪ್ರತಿಯೊಂದನ್ನು ಮಾಡಿ, ಪ್ಲಾಸ್ಮಿಡ್ ಎಂಬ ಡಿಎನ್‌ಎ ಬಳೆಯೊಳಕ್ಕೆ ಕೂಡಿಸಿ, ಬ್ಯಾಕ್ಟೀರಿಯಕ್ಕೋ ಸಾಕಿ ಬೆಳೆಸಿದ ಕೀಟದ ಇಲ್ಲವೆ ಸಸ್ತನಿಯ ಜೀವಕೋಶಕ್ಕೋ ಹೊಗಿಸುತ್ತಾರೆ. ಆ ಕೋಶವೇ ಪ್ರೋಟೀನನ್ನು ತಯಾರಿಸುತ್ತದೆ. ಡಿಎನ್‌ಎ ತುಂಡುಗಳನ್ನು ಹೀಗೆ ಕೂಡಿಸಿ ಬ್ಯಾಕ್ಟೀರಿಯದಲ್ಲಿ ಬೆಳೆಸುವ ವಿಧಾನವನ್ನು ಸ್ಟ್ಯಾನ್ಲಿ ಕೋಹೆನ್, ಹರ್ಬರ್ಟ್ ಬಾಯರ್ ಮತ್ತು ಅವರ ಸಂಗಡಿಗರು 1973ರಲ್ಲಿ ಪ್ರಕಟಿಸಿದರು. ಶುದ್ಧೀಕರಣಕ್ಕೋಸ್ಕರ ಪ್ರೋಟೀನಿನ ತುದಿಗೆ ಆರು ಹಿಸ್ಟಿಡೀನುಗಳ ಬಾಲವೊಂದನ್ನು ಸೇರಿಸುವುದುಂಟು. ಆ ಬಾಲ ನಿಕ್ಕಲ್ ಹೊತ್ತ ಕಣಗಳನ್ನು ಹಿಡಿದುಕೊಳ್ಳುತ್ತದೆ. ಮಿಕ್ಕ ಪ್ರೋಟೀನುಗಳು ತೊಳೆದುಹೋಗುತ್ತವೆ. ಹೀಗಿರಲು ಸೀಸೆಯಲ್ಲಿರುವುದು ಇಲಿಯ ಮೈಯೊಳಗೆ ಒಂದು ಕ್ಷಣವೂ ಇದ್ದದ್ದಲ್ಲ. ಗೊರೂರಿನ ಜಲಾಶಯದಿಂದ ಹೊರಟು ಬಾಗೂರು–ನವಿಲೆ ಸುರಂಗವನ್ನು ಹಾದು ತುಮಕೂರಿನ ಸೀಮೆಗೆ ಹೋಗುವ ನೀರು ಹೇಮಾವತಿಯದೇ. ಅದರಿಂದ ಬೆಳೆದ ಬೆಳೆ ಮಾತ್ರ ತುಮಕೂರಿನ ಹೊಲದ್ದು. ಇಲ್ಲಿಯೂ ಮೂಲ ಒಂದು ಕಡೆ, ಬೆಳೆ ಇನ್ನೊಂದು ಕಡೆ. ‘ಮೂಷಕ’ ಎಂಬ ವಿಶೇಷಣ ಈ ಎರಡರ ನಡುವಣ ಭೇದವನ್ನು ಮುಚ್ಚಿಬಿಡುತ್ತದೆ.

ಹಾಗೆಂದು ಆ ವಿಶೇಷಣವನ್ನು ಬಿಡುವಂತೆಯೂ ಇಲ್ಲ. ಒಂದೇ ಕಿಣ್ವ ಮನುಷ್ಯನಲ್ಲಿಯೂ ಇಲಿಯಲ್ಲಿಯೂ ಇದ್ದರೂ ಅಮೈನೋ ಆಮ್ಲಗಳ ಅನುಕ್ರಮದಲ್ಲಿ ಸಣ್ಣ ವ್ಯತ್ಯಾಸಗಳಿರುತ್ತವೆ. ಮನುಷ್ಯನ ಕಿಣ್ವವನ್ನು ಬಲವಾಗಿ ತಡೆಯುವ ಔಷಧವು ಇಲಿಯ ಕಿಣ್ವವನ್ನು ಸಡಿಲವಾಗಿ ಹಿಡಿಯಬಹುದು. ಇದನ್ನು ಮೊದಲು ಸೀಸೆಯಲ್ಲಿ ಪರೀಕ್ಷಿಸದೆ ಇಲಿಗಳ ಮೇಲೆ ಪ್ರಯೋಗಿಸಿದರೆ, ಬಂದ ಫಲದ ಅರ್ಥವೇ ಕೆಡುತ್ತದೆ. ಆದಕಾರಣ ‘ಇಲಿಯ’ ಎಂಬುದು ಅಲಂಕಾರವಲ್ಲ, ಅರ್ಥದ ತಿರುಳು. ಕನ್ನಡದ ‘ಇಲಿ’, ಸಂಸ್ಕೃತದ ‘ಮೂಷಕ’ ಎರಡೂ ಇಂಗ್ಲಿಷಿನವರು ಪ್ರತ್ಯೇಕಿಸುವ ಎರಡು ಪ್ರಾಣಿಗಳಿಗೆ ಸಮನಾಗಿ ಸಲ್ಲುತ್ತವೆ. ಭೇದ ಬೇಕಾದಲ್ಲಿ ‘ಚಿಟ್ಟಿಲಿ’ ಎಂಬ ದೇಶ್ಯಪದವೇ ಸಂಸ್ಕೃತಪದಕ್ಕಿಂತ ಖಚಿತವಾದದ್ದು.

‘ಕಿಣ್ವ’ ಶಬ್ದದ ಚರಿತ್ರೆ ಇದಕ್ಕೆ ವ್ಯತಿರಿಕ್ತವಾದ ಒಳ್ಳೆಯ ನಿದರ್ಶನ. ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದ ಸುರಾಧ್ಯಕ್ಷ ಪ್ರಕರಣದಲ್ಲಿ ಈ ಶಬ್ದ ಮದ್ಯವನ್ನು ಹುಳಿಸುವ ದ್ರವ್ಯಕ್ಕೆ ಬಂದಿದೆ. ಕಿಣ್ವಾದಿಗಳಿಂದ ಮದಶಕ್ತಿ ಹುಟ್ಟುವಂತೆ ಭೂತಗಳ ಸಂಯೋಗದಿಂದ ಚೈತನ್ಯ ಹುಟ್ಟುತ್ತದೆಂಬುದು ಚಾರ್ವಾಕರ ಪ್ರಸಿದ್ಧ ದೃಷ್ಟಾಂತ. ಜರ್ಮನಿಯ ಕ್ಯೂನೆ 1877ರಲ್ಲಿ ಗ್ರೀಕ್ ಮೂಲದಿಂದ ರಚಿಸಿದ ‘ಎಂಜೈಮ್’ ಪದಕ್ಕೆ ‘ಯೀಸ್ಟಿನೊಳಗಿನದು’ ಎಂದರ್ಥ. 1897ರಲ್ಲಿ ಬುಖ್ನರ್ ಯೀಸ್ಟನ್ನು ಅರೆದು ಹಿಂಡಿದ ರಸವೊಂದರಿಂದಲೇ ಸಕ್ಕರೆ ಹುಳಿಯುವುದನ್ನು ತೋರಿಸಿದ ಮೇಲೆ, ಕೆಲಸ ಒಳಗಿನ ವಸ್ತುವಿನದೆಂಬುದು ಖಚಿತವಾಯಿತು. ನಾರ್ತ್ರಪ್ 1930ರಲ್ಲಿ ಪೆಪ್ಸಿನ್ನನ್ನು ಹರಳುಗಟ್ಟಿಸಿ, ಪ್ರೋಟೀನನ್ನು ಕಡಿಯುವ ಆ ಕಿಣ್ವವೂ ಪ್ರೋಟೀನೇ ಎಂದು ತೋರಿಸಿದನು. ಕನ್ನಡದ ‘ಕಿಣ್ವ’ ಹುಳಿಸುವ ದ್ರವ್ಯದಿಂದ ಅದರೊಳಗಿನ ಶಕ್ತವಸ್ತುವಿಗೆ ಅರ್ಥವನ್ನು ಸಂಕೋಚಿಸಿಕೊಂಡು ಈ ಶೋಧನೆಯ ಜಾಡನ್ನೇ ಹಿಡಿದಿದೆ. ‘ಸಸಾರಜನಕ’ಕ್ಕೆ ಈ ಭಾಗ್ಯವಿಲ್ಲ. ಸಾರಜನಕವುಳ್ಳದ್ದೆಲ್ಲ ಪ್ರೋಟೀನಾಗುವುದಾದರೆ ಹೊಲಕ್ಕೆ ಹಾಕುವ ಯೂರಿಯವೂ ಪ್ರೋಟೀನಾಗಬೇಕು.

ಪರಕೀಯವಾದದ್ದನ್ನು ಕನ್ನಡ ಸಮಾಸಗಳಿಲ್ಲದೆಯೂ ಅರಗಿಸಿಕೊಂಡಿದೆ. ಅಮೆರಿಕದಿಂದ ಪೋರ್ಚುಗೀಸರ ಕಾಲದಲ್ಲಿ ಬಂದ ಹಣ್ಣಿಗೆ ಹಳೆಯ ಮೈಸೂರಿನ ಜನ ‘ಪರಂಗಿ’ ಎಂದು ಹೆಸರಿಟ್ಟರು. ಬಂದ ದಾರಿಯೇ ಹೆಸರಾಯಿತು. ಪರಂಗಿಯ ಹಾಲಿನಲ್ಲಿರುವ ಪಪೈನ್ ಒಂದು ಪ್ರೋಟಿಯೇಸ್. 1978ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಬಯೋಕಾನ್ ಸಂಸ್ಥೆಯ ಮೊದಲ ಉತ್ಪನ್ನಗಳಲ್ಲಿ ಅದೂ ಒಂದು. ಇಲಿಯ ಕೋಶಗಳಲ್ಲಿ ಪ್ರೋಟೀನನ್ನು ಜೀರ್ಣಿಸುವ ಕೆಥೆಪ್ಸಿನ್-ಎಲ್ ಎಂಬುದು ಈ ಪಪೈನಿನ ಕುಲಕ್ಕೇ ಸೇರಿದ್ದು. ಹಿತ್ತಿಲ ಗಿಡದಿಂದ ಹೊರಟ ಅಧ್ಯಾಪಕನು ಎರಡು ಹೆಜ್ಜೆಯಲ್ಲಿ ಸೀಸೆಯನ್ನು ಮುಟ್ಟಬಲ್ಲನು. ಅಲ್ಲಿ ಇನ್ನೊಂದು ಸೂಕ್ಷ್ಮವುಂಟು. ಕೆಥೆಪ್ಸಿನ್-ಎಲ್ ಮೊದಲು ನಿಷ್ಕ್ರಿಯವಾದ ಪೂರ್ವರೂಪದಲ್ಲಿ ತಯಾರಾಗುತ್ತದೆ. ಅದರದೇ ಒಂದು ತುಂಡು ಕಡಿಯುವ ಬಾಯನ್ನು ಮುಚ್ಚಿಕೊಂಡಿದ್ದು, ಆಮ್ಲದಲ್ಲಿ ಆ ತುಂಡು ಕಳಚಿದ ಮೇಲೆಯೇ ಕಿಣ್ವ ಕ್ರಿಯಾಶೀಲವಾಗುತ್ತದೆ. ಪೂರ್ವರೂಪವನ್ನೇ ತುಂಬಿದ ಸೀಸೆಯಾದರೆ, ‘ಪ್ರೋಟಿಯೇಸ್’ ಎಂಬ ಹೆಸರು ಮುಂದೆ ಆಗತಕ್ಕದ್ದನ್ನು ಹೇಳುತ್ತದೆಯೇ ಹೊರತು ಈಗಿರುವುದನ್ನಲ್ಲ.

ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅರಿಸಮಾಸದ ವಿಚಾರವೆತ್ತಿ ಕನ್ನಡ ಸಂಸ್ಕೃತಗಳ ಬೆರಕೆಗೆ ಎಲ್ಲೆ ಕಟ್ಟಿದನು. ಸಂಸ್ಕೃತ ಇಂಗ್ಲಿಷುಗಳು ಬೆರೆತ ಪ್ರಸ್ತುತ ಸಮಾಸವನ್ನು ಆ ನ್ಯಾಯದಿಂದ ದೂಷಿಸುವುದು ಸುಲಭ. ಆದರೆ ನಿಜವಾದ ದೋಷ ಬೆರಕೆಯಲ್ಲಿಲ್ಲ. ವಿಭಕ್ತಿಗಳು ಲೋಪವಾದಾಗ ಯಾವುದು ಯಾವುದರಿಂದ, ಯಾವುದರಲ್ಲಿ, ಯಾರಿಂದ ಎಂಬ ಸಂಬಂಧಗಳೂ ಲೋಪವಾಗುತ್ತವೆ. ಇಂಗ್ಲಿಷ್ ಹೆಸರಿನಲ್ಲಿಯೂ ಈ ಲೋಪವುಂಟು. ಪ್ರಯೋಗಶಾಲೆಯ ರೂಢಿ ಅಲ್ಲಿ ಅದನ್ನು ತುಂಬಿಕೊಡುತ್ತದೆ. ಆ ರೂಢಿಯಿಲ್ಲದ ವಿದ್ಯಾರ್ಥಿಗೆ ತುಂಬಿಕೊಡತಕ್ಕದ್ದು ಭಾಷೆಯೇ. ‘ಇಲಿಯ ಜೀನಿನ ಪ್ರತಿಯಿಂದ ಬೇರೆ ಜೀವಕೋಶದಲ್ಲಿ ಮಾಡಿಸಿದ, ಪ್ರೋಟೀನನ್ನು ಕಡಿಯುವ ಕಿಣ್ವ’ ಎಂದರೆ ಷಷ್ಠಿ, ಪಂಚಮಿ, ಸಪ್ತಮಿ, ದ್ವಿತೀಯೆಗಳು ತಂತಮ್ಮ ಕೆಲಸವನ್ನು ಮಾಡಿ ಪ್ರಕ್ರಿಯೆಯನ್ನೆಲ್ಲ ಬಿಚ್ಚಿಡುತ್ತವೆ.

ಇದು ಉದ್ದವಾಯಿತೆಂಬ ಆಕ್ಷೇಪ ಬರಬಹುದು. ಮೊದಲ ಸಲ ಪೂರ್ತಿಯಾಗಿ ಹೇಳಿ, ಅನಂತರ ‘ಇಲಿಯ ಕಿಣ್ವ’ ಎಂದು ಸಂಕ್ಷೇಪಿಸುವುದಕ್ಕೆ ಅಡ್ಡಿಯಿಲ್ಲ. ಅರ್ಥ ತಿಳಿದ ಮೇಲೆ ಸಂಕ್ಷೇಪ ಅನುಕೂಲ, ತಿಳಿಯುವ ಮೊದಲು ಅದು ಬಾಯಿಪಾಠ. ಕನ್ನಡದಲ್ಲಿ ಶಾಸ್ತ್ರವನ್ನು ಓದಿದವನು ಪದಗಳನ್ನು ಬಲ್ಲನಲ್ಲದೆ ವಸ್ತುವನ್ನು ಅರಿಯನೆಂಬ ಅಪವಾದಕ್ಕೆ ಇಂಥ ಸಮಾಸಗಳು ಬಹುಮಟ್ಟಿಗೆ ಕಾರಣ. ವಿಗ್ರಹವಾಕ್ಯವನ್ನು ದಿನವೂ ಕಲಿಸುವ ಸಾಹಿತ್ಯದ ಅಧ್ಯಾಪಕರಲ್ಲಿ ಅದನ್ನು ಕಳೆಯುವ ಸಾಧನ ಸಿದ್ಧವಾಗಿಯೇ ಇದೆ. ಅದನ್ನು ಕಾವ್ಯದ ಸಮಾಸಗಳಿಗೆ ಮೀಸಲಿಡದೆ ಶಾಸ್ತ್ರದ ಸಮಾಸಗಳಿಗೂ ಪ್ರಯೋಗಿಸುವುದು ಉಚಿತ.