ಆಟ್ಲಿನ್: ಓಟಿನ ಪಟ್ಟಿಯಲ್ಲಿಲ್ಲದ ಕಾಲಂ

ಚುನಾವಣೆಯ ಇತಿಹಾಸ ಅಂತ ಅಚ್ಚಾಗುವುದು ಸಾಮಾನ್ಯವಾಗಿ ಒಂದು ಪಟ್ಟಿ. ವರ್ಷ, ಗೆದ್ದವನ ಹೆಸರು, ಪಕ್ಷ, ಬಿದ್ದ ಓಟು. ಅಲ್ಲಿಗೆ ಮುಗೀತು. ನಮ್ಮ ಮನೆಗಳಲ್ಲಿ ಮೊದಲು ಪಹಣಿ ಓದಲು ಕಲಿತವರು ನಾವು. ಅದರಲ್ಲಿ ಸರ್ವೆ ನಂಬರು ಇರುತ್ತದೆ, ಕಂದಾಯ ಇರುತ್ತದೆ, ಒಡೆಯನ ಹೆಸರಿರುತ್ತದೆ. ಆ ಹೊಲದಲ್ಲಿ ಬೆನ್ನು ಬಗ್ಗಿಸಿದ ಕೂಲಿಯವಳ ಹೆಸರು ಮಾತ್ರ ಯಾವ ಕಾಲಂನಲ್ಲೂ ಸಿಗುವುದಿಲ್ಲ. ಹೀಗೆ ಪಳಗಿದ ಕಣ್ಣಿನಿಂದಲೇ ಕೆನಡಾದ ಒಂದು ಅಳಿದುಹೋದ ಮತಕ್ಷೇತ್ರದ ಪಟ್ಟಿಯನ್ನು ಇಲ್ಲಿ ಓದುತ್ತಿದ್ದೇವೆ.

ಕ್ಷೇತ್ರದ ಹೆಸರು ಆಟ್ಲಿನ್. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ವಾಯುವ್ಯ ಮೂಲೆ. ಕಾಡು, ಹಿಮ, ಹೊಳೆ, ಮೀನು. 1898ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು, ಹೊರಗಿನವರು ಮುಗಿಬಿದ್ದರು. 1903ರ ಪ್ರಾಂತೀಯ ಚುನಾವಣೆಗೆ ಅದೊಂದು ಕ್ಷೇತ್ರವೂ ಆಯಿತು. ಆಟ್ಲಿನ್ ಅನ್ನೋದು ಅಲ್ಲಿನ ಟ್ಲಿಂಗಿಟ್ ಜನರ ಮಾತು. ದೊಡ್ಡ ನೀರು ಎಂದರ್ಥ. ಹೆಸರು ಅವರದು, ನೀರು ಅವರದು, ಓಟು ಮಾತ್ರ ಅವರದಲ್ಲ. ಮೂಲನಿವಾಸಿಗಳಿಗೂ ಚೀನೀಯರಿಗೂ ಓಟಿಲ್ಲವೆಂದು ಪ್ರಾಂತ್ಯ 1870ರ ದಶಕದಲ್ಲೇ ಕಾನೂನು ಮಾಡಿತ್ತು. ನಮ್ಮ ದೇಶದಿಂದ, ಹೆಚ್ಚಾಗಿ ಪಂಜಾಬಿನಿಂದ, ದುಡಿಯಲು ಹೋದವರ ಓಟನ್ನೂ 1907ರಲ್ಲಿ ಕಿತ್ತುಕೊಂಡಿತು. ಚೀನೀಯರಿಗೂ ಭಾರತೀಯರಿಗೂ ಓಟು ಬಂದದ್ದು 1947ರಲ್ಲಿ. ಮೂಲನಿವಾಸಿಗಳು 1949ರವರೆಗೆ ಕಾಯಬೇಕಾಯಿತು.

ಹಾಗಾದರೆ ಮೊದಲ ನಲವತ್ತಾರು ವರ್ಷದ ಪಟ್ಟಿಯನ್ನು ಏನೆಂದು ಕರೆಯೋಣ? ಆಟ್ಲಿನ್ ಜನ ಆರಿಸಿದರು ಅಂತ ಬರೆದರೆ ಅದು ಸುಳ್ಳು. ಆರಿಸಿದ್ದು ಜನರಲ್ಲಿ ಒಂದು ಪಾಲು ಮಾತ್ರ. ಉಳಿದವರನ್ನು ಜನ ಅಂತಲೇ ಎಣಿಸಲಿಲ್ಲ.

ಓಟು ಬಂದ ಮೊದಲ ಚುನಾವಣೆಯಲ್ಲೇ, 1949ರಲ್ಲಿ, ಸಮಾಜವಾದಿ ಸಿ.ಸಿ.ಎಫ್. ಪಕ್ಷದಿಂದ ನಿಸ್ಗಾ ಕುಲದ ಫ್ರ್ಯಾಂಕ್ ಕಾಲ್ಡರ್ ಗೆದ್ದರು. ಸರ್ಕಾರದ ಕಾಯ್ದೆಯಲ್ಲಿ 'ಇಂಡಿಯನ್' ಎಂದು ದಾಖಲಾದ ಒಬ್ಬ ಮನುಷ್ಯ ಕೆನಡಾದ ಶಾಸನಸಭೆಯೊಂದಕ್ಕೆ ಆರಿಸಿಬಂದದ್ದು ಅದೇ ಮೊದಲು. ಆದರೆ ಕಾನೂನಿನ ಕುಚೋದ್ಯ ನೋಡಿ. ವಿಕ್ಟೋರಿಯಾದಲ್ಲಿ ಕೂತು ಶಾಸನ ಮಾಡಬಹುದಾಗಿದ್ದ ಅವರ ಜನ, ತಮ್ಮ ಕಾನೂನುಬದ್ಧ ಗುರುತನ್ನು ಬಿಟ್ಟುಕೊಡದೆ ಒಟ್ಟಾವಾದ ಪಾರ್ಲಿಮೆಂಟಿಗೆ ಓಟು ಹಾಕುವ ಹಕ್ಕು ಪಡೆದದ್ದು 1960ರಲ್ಲಿ. ಸರ್ಕಾರದ ಅಪ್ಪಣೆಯಿಲ್ಲದೆ ನೆಲದ ಹಕ್ಕಿನ ದಾವೆಗೆ ದುಡ್ಡು ಕೂಡಿಸುವುದನ್ನೇ ಅಪರಾಧ ಮಾಡಿದ್ದ 1927ರ ಕಾನೂನು 1951ರವರೆಗೆ ಜೀವಂತವಾಗಿತ್ತು. ಓಟು ಕೈಗೆ ಬಂದಾಗಲೂ ನೆಲ ಕೇಳುವ ಬಾಯಿಗೆ ಬೀಗವಿತ್ತು.

ಕಾಲ್ಡರ್ 1956ರಲ್ಲಿ ಸೋತರು, 1960ರಲ್ಲಿ ಮತ್ತೆ ಗೆದ್ದರು. ನಿಸ್ಗಾ ಜನರ ನೆಲದ ಮೊಕದ್ದಮೆಯನ್ನು ಸುಪ್ರೀಂ ಕೋರ್ಟಿನವರೆಗೂ ಒಯ್ದರು. 1973ರಲ್ಲಿ ತೀರ್ಪು ಬಂತು. ಏಳು ಜನ ನ್ಯಾಯಾಧೀಶರಲ್ಲಿ ಮೂವರು ಪರ, ಮೂವರು ವಿರೋಧ; ಏಳನೆಯವರು ದಾವೆ ಹೂಡಲು ಸರ್ಕಾರದ ಅನುಮತಿ ಪಡೆದಿಲ್ಲವೆಂದು ತಳ್ಳಿಹಾಕಿದರು. ಕೇಸು ಸೋತಿತು. ಆದರೆ ಬಿಳಿಯರು ಬರುವ ಮೊದಲು ಆ ಜನಕ್ಕೆ ನೆಲದ ಮೇಲೆ ಹಕ್ಕಿತ್ತೆಂದು ಆರು ಜನ ಒಪ್ಪಿದ್ದರು. 2000ದಲ್ಲಿ ಜಾರಿಗೆ ಬಂದ ನಿಸ್ಗಾ ಒಪ್ಪಂದದ ಬೇರು ಅಲ್ಲಿದೆ. ಸಿಕ್ಕಿದ್ದು ಸುಮಾರು 2,000 ಚದರ ಕಿಲೋಮೀಟರ್, ಕೇಳಿದ್ದರ ಸಣ್ಣ ಪಾಲು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. 1972ರಲ್ಲಿ ಪಕ್ಷ ಗೆದ್ದಾಗ ಕಾಲ್ಡರ್‌ಗೆ ಕೊಟ್ಟದ್ದು ಖಾತೆಯಿಲ್ಲದ ಮಂತ್ರಿಗಿರಿ. ಮರುವರ್ಷ ಅದನ್ನೂ ಕಿತ್ತುಕೊಂಡರು. 1975ರಲ್ಲಿ ಅವರು ಸೋಷಿಯಲ್ ಕ್ರೆಡಿಟ್ ಪಕ್ಷ ಸೇರಿ ಗೆದ್ದರು. ತಮ್ಮ ಜನರ ನೆಲದ ಕೇಸಿನಲ್ಲಿ ಎದುರಾಳಿಯಾಗಿ ನಿಂತಿದ್ದ ಸರ್ಕಾರ ಅದೇ ಪಕ್ಷದ್ದು! ನಮ್ಮವರಂಥವರು ಅಂತ ಇದಕ್ಕೆ ಹೂವು ಮುಚ್ಚುವುದು ವಿಮರ್ಶೆಯಲ್ಲ. ಕುರ್ಚಿ ಕೊಟ್ಟು ಖಾತೆ ಕೊಡದ ಗೆಳೆತನವನ್ನು ಮರೆಯುವುದೂ ವಿಮರ್ಶೆಯಲ್ಲ.

1979ರಲ್ಲಿ ಕಾಲ್ಡರ್ ಸೋತರು. ಒಂದೇ ಒಂದು ಓಟಿನಿಂದ. ಆಟ್ಲಿನ್ ಬಗ್ಗೆ ಬರೆಯುವವರು ಬಾಯಿ ಚಪ್ಪರಿಸುವುದು ಇದೊಂದಕ್ಕೇ. ನಮ್ಮಲ್ಲೂ ಹೀಗೇ ಆಯಿತು. ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಮೀಸಲು ಕ್ಷೇತ್ರದಲ್ಲಿ 2004ರಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿಯವರ ವಿರುದ್ಧ ಗೆದ್ದದ್ದೂ ಒಂದೇ ಓಟಿನಿಂದ. 2008ರ ಮರುವಿಂಗಡಣೆಯಲ್ಲಿ ಆ ಕ್ಷೇತ್ರವೂ ಅಳಿಯಿತು. ಈಗ ಅದು ರಸಪ್ರಶ್ನೆಯ ಸರಕು. ಗೆಳೆಯರೇ, ಒಂದು ಓಟು ಕತೆಯಾಗುತ್ತದೆ, ನಲವತ್ತಾರು ವರ್ಷದ ಸೊನ್ನೆ ಓಟು ಯಾಕೆ ಕತೆಯಾಗುವುದಿಲ್ಲ?

ಆಟ್ಲಿನ್‌ನ ಕೊನೆಯ ಚುನಾವಣೆ 1986ರದು. ಗೆದ್ದವರು ಲ್ಯಾರಿ ಗೂನೊ, ಅವರೂ ನಿಸ್ಗಾ. ಆಮೇಲೆ ಪ್ರಾಂತ್ಯದ ಕೋರ್ಟಿನಲ್ಲಿ ಲೆಕ್ಕ ಶುರುವಾಯಿತು. ಆಟ್ಲಿನ್ ಜನಸಂಖ್ಯೆ 5,511, ಸರ್ರೆ-ನ್ಯೂಟನ್ ಕ್ಷೇತ್ರದ್ದು 68,347. ಇಬ್ಬರಿಗೂ ಒಬ್ಬೊಬ್ಬ ಶಾಸಕ. ಇದು ಸಂವಿಧಾನಕ್ಕೆ ಒಪ್ಪುವುದಿಲ್ಲವೆಂದು 1989ರಲ್ಲಿ ನ್ಯಾಯಾಧೀಶೆ ಬೆವರ್ಲಿ ಮೆಕ್ಲಾಕ್ಲಿನ್ ಹೇಳಿದರು. ಸರ್ರೆಯ ಮತದಾರನ ಕಡೆ ನಿಂತು ನೋಡಿದರೆ ಅದು ನ್ಯಾಯವೇ. 1991ರ ಚುನಾವಣೆ ಹೊತ್ತಿಗೆ ಆಟ್ಲಿನ್ ದೊಡ್ಡ ಕ್ಷೇತ್ರಗಳೊಳಗೆ ಕರಗಿತು. ಅದೇ ವರ್ಷ ಕೆನಡಾದ ಸುಪ್ರೀಂ ಕೋರ್ಟಿನಲ್ಲಿ ಅದೇ ನ್ಯಾಯಾಧೀಶೆ, ತಲೆ ಎಣಿಕೆಯೊಂದೇ ಸಾಲದು, ಭೂಗೋಳ, ಸಮುದಾಯ, ಅಲ್ಪಸಂಖ್ಯಾತರ ಪ್ರಾತಿನಿಧ್ಯವನ್ನೂ ನೋಡಬೇಕು ಎಂದು ಬರೆದರು. ಆಟ್ಲಿನ್‌ಗೆ ಆ ಮಾತು ತಡವಾಗಿ ಬಂತು.

ಸಮಾನತೆಯ ಲೆಕ್ಕ ನಮಗೆ ಬೇಕು. ಆದರೆ ಅದು ಎಲ್ಲಿಂದ ಶುರುವಾಯಿತು ಅಂತ ಕೇಳೋಣ. ಸಾವಿರಾರು ಜನರನ್ನು ಎಣಿಸದೆ ಬಿಟ್ಟಾಗ ಯಾರಿಗೂ ಲೆಕ್ಕ ತಪ್ಪಿದೆ ಅನ್ನಿಸಲಿಲ್ಲ. ಅವರು ತಮ್ಮವರನ್ನೇ ಆರಿಸಲು ಶುರುಮಾಡಿ ನಾಲ್ಕು ದಶಕವಾಗುವಷ್ಟರಲ್ಲಿ ಲೆಕ್ಕ ಕಟ್ಟುನಿಟ್ಟಾಯಿತು.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ನಿಮ್ಮ ಕ್ಷೇತ್ರದ ಹಳೇ ಪಟ್ಟಿಯನ್ನು ಮಕ್ಕಳ ಮುಂದೆ ಹರಡಿ. ಗೆದ್ದವರ ಹೆಸರಿನ ಪಕ್ಕ ಮೂರು ಕಾಲಂ ಗೀಚಿಸಿ: ಓಟಿಲ್ಲದವರು ಯಾರು, ಟಿಕೆಟ್ ಕೊಟ್ಟವರು ಯಾರು, ಓಟು ಹಾಕಿದವರ ಕೈಯಲ್ಲಿ ನೆಲ ಎಷ್ಟು. ಆ ಕಾಲಂ ತುಂಬಲು ಮಕ್ಕಳು ಊರು ಕೇರಿ ಸುತ್ತಲಿ.